ನೆಟ್‌ವರ್ಕ್ ಬೂಟ್ ವೈಫಲ್ಯ: ಪರದೆಯ ಸಂದೇಶ, ಪ್ಯಾಕೆಟ್ಟಿನ ಸಾಕ್ಷ್ಯ

ದೂರದ ಯಂತ್ರಕ್ಕೆ ನೆಟ್‌ವರ್ಕ್ ಮೂಲಕ ಆಪರೇಟಿಂಗ್ ಸಿಸ್ಟಂ ಹಾಕುವಾಗ ಕೆಲಸ ನಡುವೆ ನಿಂತರೆ ಪರದೆಯ ಮೇಲೆ ಒಂದು ದೋಷಸಂದೇಶ ಉಳಿಯುತ್ತದೆ. ಯಾವ ಹಂತ ಕಾದು ಕಾದು ಕೈಬಿಟ್ಟಿತು ಎಂಬುದನ್ನು ಆ ಸಂದೇಶ ಹೇಳುತ್ತದೆ. ತಪ್ಪು ಎಲ್ಲಿ ಹುಟ್ಟಿತು ಎಂಬುದನ್ನು ಹೇಳಲಾರದು, ಏಕೆಂದರೆ ಸಂದೇಶ ಬರೆದ ಪುಟ್ಟ ಪ್ರೋಗ್ರಾಮಿಗೆ ತನ್ನ ನೆಟ್‌ವರ್ಕ್ ಕಾರ್ಡಿನಿಂದ ಆಚೆಗಿನ ಜಗತ್ತು ಕಾಣುವುದೇ ಇಲ್ಲ. ಬೆಂಗಳೂರಿನಲ್ಲಿ ಕೂತು ಬೇರೆ ಖಂಡದ ಡೇಟಾ ಸೆಂಟರಿನ ಸರ್ವರನ್ನು ಸಿದ್ಧಪಡಿಸುವವರ ಕೈಗೆ ಹೆಚ್ಚಾಗಿ ಸಿಗುವುದು ಆ ಒಂದು ಸಾಲು ಮಾತ್ರ. ಆ ಸಾಲನ್ನು ಹೇಗೆ ಓದಬೇಕು, ಯಾವುದನ್ನು ನಂಬಬೇಕು, ಯಾವುದಕ್ಕೆ ಬೇರೆ ಸಾಕ್ಷ್ಯ ಹುಡುಕಬೇಕು ಎಂಬುದನ್ನು ಈ ವ್ಯವಸ್ಥೆಯ ರಚನೆಯಿಂದಲೇ ತೋರಿಸುವುದು ಈ ಟಿಪ್ಪಣಿಯ ಉದ್ದೇಶ.

ಈ ವ್ಯವಸ್ಥೆ ಒಮ್ಮೆಗೇ ಹುಟ್ಟಿದ್ದಲ್ಲ. ಡಿಸ್ಕ್ ಇಲ್ಲದ ವರ್ಕ್‌ಸ್ಟೇಷನ್ನುಗಳಿಗೆ ವಿಳಾಸ ಕೊಡಲು 1984ರ ಜೂನ್‌ನಲ್ಲಿ ಆರ್‌ಎಫ್‌ಸಿ 903 ರಾರ್ಪ್ ಎಂಬ ವಿಧಾನವನ್ನು ಮುಂದಿಟ್ಟಿತು. ಅದರ ಕರೆ ರೂಟರನ್ನು ದಾಟುತ್ತಿರಲಿಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡಿನ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಗಿಲ್ಮೋರ್ ಬರೆದ ಬೂಟ್‌ಪಿ, ಆರ್‌ಎಫ್‌ಸಿ 951, ಅದೇ ಕೆಲಸವನ್ನು ಯುಡಿಪಿಯ ಮೇಲೆ ತಂದು ಕರೆಯನ್ನು ಬೇರೆ ಜಾಲಕ್ಕೂ ದಾಟಿಸುವ ದಾರಿ ತೆರೆಯಿತು. ಅದರ ಮುಂದುವರಿಕೆಯಾಗಿ 1993ರಲ್ಲಿ ಡಿಎಚ್‌ಸಿಪಿ ಬಂದಿತು; ಇಂದು ಬಳಕೆಯಲ್ಲಿರುವ ರೂಪ 1997ರ ಆರ್‌ಎಫ್‌ಸಿ 2131. ಫೈಲು ಸಾಗಿಸುವ ಟಿಎಫ್‌ಟಿಪಿ ಇದಕ್ಕಿಂತ ಹಳೆಯದು. ಈಗಿನ ಅಧಿಕೃತ ಪಾಠ 1992ರ ಆರ್‌ಎಫ್‌ಸಿ 1350. ಇವೆಲ್ಲವನ್ನೂ ಪರ್ಸನಲ್ ಕಂಪ್ಯೂಟರಿನ ಫರ್ಮ್‌ವೇರ್ ಒಳಗೆ ಸೇರಿಸಿ ಇಂಟೆಲ್ 1999ರ ಸೆಪ್ಟೆಂಬರ್‌ನಲ್ಲಿ ಪಿಎಕ್ಸ್‌ಇ 2.1 ನಿರ್ದೇಶಿಕೆಯನ್ನು ಪ್ರಕಟಿಸಿತು. ಯಂತ್ರ ಮತ್ತು ಸರ್ವರ್ ಹತ್ತಿರದಲ್ಲಿವೆ, ತಂತಿಯ ಮೇಲಿರುವವರೆಲ್ಲ ನಮ್ಮವರೇ ಎಂಬ ನಂಬಿಕೆ ಈ ಪದರಗಳಲ್ಲೆಲ್ಲ ಅಡಗಿದೆ. ದೂರದಿಂದ ಕೆಲಸ ಮಾಡುವಾಗ ಎರಡೂ ಸುಳ್ಳಾಗುತ್ತವೆ.

ಮೊದಲಿಗೆ ಮನಸ್ಸಿನಲ್ಲಿಡಬೇಕಾದ ಸಂಗತಿಯೊಂದಿದೆ. ಒಂದು ಇನ್‌ಸ್ಟಾಲೇಶನ್ನಿನಲ್ಲಿ ಯಂತ್ರ ನೆಟ್‌ವರ್ಕಿಗೆ ಒಂದೇ ಸಲ ಸೇರುವುದಿಲ್ಲ. ಫರ್ಮ್‌ವೇರ್ ಒಮ್ಮೆ ವಿಳಾಸ ಕೇಳುತ್ತದೆ. ಅದು ಇಳಿಸಿಕೊಂಡ ಬೂಟ್ ಪ್ರೋಗ್ರಾಂ ಐಪಿಎಕ್ಸ್‌ಇ ಆಗಿದ್ದರೆ ಮತ್ತೊಮ್ಮೆ ಕೇಳುತ್ತದೆ. ಆಮೇಲೆ ಲಿನಕ್ಸ್ ಕರ್ನಲ್ ತನ್ನದೇ ಡ್ರೈವರಿನಿಂದ ಕಾರ್ಡನ್ನು ಹೊಸದಾಗಿ ಎಬ್ಬಿಸುತ್ತದೆ, ಇನ್‌ಸ್ಟಾಲರ್ ಪುನಃ ವಿಳಾಸ ಕೇಳುತ್ತದೆ. ಹಿಂದಿನ ಹಂತಕ್ಕೆ ಸಿಕ್ಕಿದ್ದು ಮುಂದಿನ ಹಂತಕ್ಕೆ ತಾನಾಗಿ ದಾಟುವುದಿಲ್ಲ. ಹಾಗಾಗಿ ‘ಪಿಎಕ್ಸ್‌ಇ ಕೆಲಸ ಮಾಡಿತು, ಅಂದಮೇಲೆ ನೆಟ್‌ವರ್ಕ್ ಸರಿಯಿದೆ’ ಎಂಬ ತರ್ಕ ನಿಲ್ಲುವುದಿಲ್ಲ. ಆ ಕ್ಷಣದಲ್ಲಿ, ಆ ಡ್ರೈವರಿಗೆ ನೆಟ್‌ವರ್ಕ್ ಸರಿಯಿತ್ತು, ಸಾಬೀತಾದದ್ದು ಅಷ್ಟೇ.

ಅತಿ ಪರಿಚಿತ ಸಂದೇಶದಿಂದ ಆರಂಭಿಸೋಣ: ಪಿಎಕ್ಸ್‌ಇ-ಇ51. ಡಿಎಚ್‌ಸಿಪಿಯಿಂದಾಗಲೀ ಪ್ರಾಕ್ಸಿ ಡಿಎಚ್‌ಸಿಪಿಯಿಂದಾಗಲೀ ಉತ್ತರ ಬರಲಿಲ್ಲ ಎಂದು ಅದರ ಅರ್ಥ. ಇದನ್ನು ಕಂಡವರು ಮೊದಲು ಡಿಎಚ್‌ಸಿಪಿ ಸರ್ವರನ್ನು ಪರೀಕ್ಷಿಸುತ್ತಾರೆ. ಸರ್ವರಿನ ಲಾಗಿನಲ್ಲಿ ಆ ಯಂತ್ರದ ಕರೆಯ ಸುಳಿವೇ ಇರುವುದಿಲ್ಲ. ಆಗ ಕೇಬಲಿನ ಮೇಲೆ ಸಂಶಯ ಬರುತ್ತದೆ. ಕೇಬಲ್ ಸರಿಯಿಲ್ಲದಿದ್ದರೆ ಬರಬೇಕಾದದ್ದು ಇ61, ಇ51 ಅಲ್ಲ. ಹಾಗಾದರೆ ಕರೆ ಎಲ್ಲಿ ಹೋಯಿತು? ಬಹಳ ಕಡೆ ಉತ್ತರ ಇರುವುದು ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀಯಲ್ಲಿ. ಇಲ್ಲಿ ಲೆಕ್ಕವನ್ನು ಬಿಡಿಸಿ ನೋಡುವುದು ಉಪಯುಕ್ತ.

ಐಇಇಇ 802.1ಡಿ ಪ್ರಕಾರ, ಲಿಂಕ್ ಎದ್ದ ಸ್ವಿಚ್ ಪೋರ್ಟ್ 15 ಸೆಕೆಂಡು ಆಲಿಸುವ ಸ್ಥಿತಿಯಲ್ಲಿ, ಇನ್ನೂ 15 ಸೆಕೆಂಡು ಕಲಿಯುವ ಸ್ಥಿತಿಯಲ್ಲಿ ಇರುತ್ತದೆ. ಈ 30 ಸೆಕೆಂಡು ಅದು ಯಂತ್ರದ ಯಾವ ಪ್ಯಾಕೆಟ್ಟನ್ನೂ ಮುಂದಕ್ಕೆ ಬಿಡುವುದಿಲ್ಲ. ಇತ್ತ ಪಿಎಕ್ಸ್‌ಇ ನಿರ್ದೇಶಿಕೆ ಡಿಎಚ್‌ಸಿಪಿ ಕರೆಗೆ 4, 8, 16, 32 ಸೆಕೆಂಡುಗಳ ನಾಲ್ಕು ಕಾಯುವಿಕೆಗಳನ್ನು ಹೇಳುತ್ತದೆ. ಕೂಡಿದರೆ 60 ಸೆಕೆಂಡು. 30ಕ್ಕಿಂತ ಧಾರಾಳವಾಗಿ ಹೆಚ್ಚು ಎನಿಸುತ್ತದೆ. ಆದರೆ ಲೆಕ್ಕ ಹಾಕಬೇಕಾದದ್ದು ಕಾಯುವ ಅವಧಿಯನ್ನಲ್ಲ, ಕರೆ ಹೊರಡುವ ಕ್ಷಣಗಳನ್ನು. ಲಿಂಕ್ ಎದ್ದ ಕೂಡಲೇ ಮೊದಲ ಕರೆ ಹೊರಟರೆ ಕರೆಗಳು ಹೊರಡುವುದು 0, 4, 12 ಮತ್ತು 28ನೇ ಸೆಕೆಂಡಿನಲ್ಲಿ. ನಾಲ್ಕೂ ಪೋರ್ಟ್ ತೆರೆಯುವ ಮೊದಲೇ ಕಳೆದುಹೋಗುತ್ತವೆ. 30ನೇ ಸೆಕೆಂಡಿಗೆ ಬಾಗಿಲು ತೆರೆಯುತ್ತದೆ. ಯಂತ್ರ ಮತ್ತೆ ಕರೆಯದೆ 60ನೇ ಸೆಕೆಂಡಿನವರೆಗೆ ಸುಮ್ಮನೆ ಕಾದು ಇ51 ಬರೆಯುತ್ತದೆ.

ಇನ್ನೂ ಗಮನಿಸಬೇಕಾದದ್ದು ಆ 28ನೇ ಸೆಕೆಂಡು 30ಕ್ಕೆ ಎಷ್ಟು ಹತ್ತಿರವಿದೆ ಎಂಬುದು. ಲಿಂಕ್ ಎದ್ದು ಎರಡು ಮೂರು ಸೆಕೆಂಡು ತಡವಾಗಿ ಫರ್ಮ್‌ವೇರ್ ತನ್ನ ಮೊದಲ ಕರೆ ಹೊರಡಿಸಿದರೆ ಕೊನೆಯ ಕರೆ ದಾಟಿಬಿಡುತ್ತದೆ, ಯಂತ್ರ ಬೂಟ್ ಆಗುತ್ತದೆ. ಒಂದೇ ಮಾದರಿಯ ಸರ್ವರುಗಳಲ್ಲಿ ಕೆಲವು ಬೂಟ್ ಆಗಿ ಕೆಲವು ಆಗದಿರುವುದಕ್ಕೆ, ಅದೇ ಯಂತ್ರ ಒಮ್ಮೆ ಸೋತು ಇನ್ನೊಮ್ಮೆ ಗೆಲ್ಲುವುದಕ್ಕೆ ಈ ಸಣ್ಣ ಅಂತರವೇ ಸಾಕು. ಕಾರ್ಡ್ ಕೆಟ್ಟಿದೆ ಎಂದು ಬದಲಾಯಿಸಿ, ಹೊಸ ಕಾರ್ಡ್ ಎರಡು ಸೆಕೆಂಡು ನಿಧಾನವಾಗಿ ಏಳುವುದರಿಂದ ಬೂಟ್ ಆದರೆ, ತಪ್ಪು ತೀರ್ಮಾನಕ್ಕೆ ಪುರಾವೆಯೂ ಸಿಕ್ಕಂತಾಗುತ್ತದೆ. ಪರಿಹಾರ ಸರಳ: ಸರ್ವರುಗಳು ಸೇರಿರುವ ಪೋರ್ಟುಗಳನ್ನು ಎಡ್ಜ್ ಪೋರ್ಟ್ ಎಂದು ಸ್ವಿಚ್ಚಿಗೆ ತಿಳಿಸುವುದು, ಸಿಸ್ಕೋ ಬಳಸುವವರ ಬಾಯಲ್ಲಿ ಪೋರ್ಟ್‌ಫಾಸ್ಟ್. ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಇದ್ದರೂ ಇದನ್ನು ಹೇಳಲೇಬೇಕು, ಏಕೆಂದರೆ ಅದರ ವೇಗ ಬರುವುದು ಎರಡು ಸ್ವಿಚ್ಚುಗಳ ನಡುವಿನ ಮಾತುಕತೆಯಿಂದ; ಎದುರಿಗೆ ಸ್ವಿಚ್ ಇಲ್ಲದಿದ್ದರೆ ಅದೂ ಹಳೆಯ ಗಡಿಯಾರವನ್ನೇ ನೋಡುತ್ತದೆ.

ಇದೇ ದೋಷ ಮುಂದಿನ ಹಂತದಲ್ಲಿ ಬೇರೆ ವೇಷ ಹಾಕುತ್ತದೆ. ಫರ್ಮ್‌ವೇರಿನ ಹಂತದಲ್ಲಿ ಲಿಂಕ್ ಮೊದಲೇ ಎದ್ದಿರಬಹುದು, ಉದಾಹರಣೆಗೆ ನಿರ್ವಹಣಾ ಚಿಪ್ ಅದೇ ತಂತಿಯನ್ನು ಹಂಚಿಕೊಂಡಿದ್ದರೆ. ಆಗ ಪಿಎಕ್ಸ್‌ಇ ಸಲೀಸಾಗಿ ಸಾಗುತ್ತದೆ. ಕರ್ನಲ್ ಬಂದು ಕಾರ್ಡನ್ನು ಮರುಹೊಂದಿಸಿದಾಗ ಲಿಂಕ್ ಬಿದ್ದು ಏಳುತ್ತದೆ, ಸ್ವಿಚ್ಚಿನ 30 ಸೆಕೆಂಡು ಮತ್ತೆ ಆರಂಭವಾಗುತ್ತದೆ, ಇನ್‌ಸ್ಟಾಲರ್ ‘ನೆಟ್‌ವರ್ಕ್ ಸ್ವಯಂಚಾಲಿತವಾಗಿ ಹೊಂದಿಕೆಯಾಗಲಿಲ್ಲ’ ಎನ್ನುತ್ತದೆ. ಡೆಬಿಯನ್ನಿನ ಪ್ರಿಸೀಡ್ ಆಯ್ಕೆಗಳಲ್ಲಿ, ರೆಡ್‌ಹ್ಯಾಟ್ ಕುಟುಂಬದ ಡ್ರಾಕಟ್‌ನಲ್ಲಿ ಕಾಯುವ ಅವಧಿಯನ್ನು ಹೆಚ್ಚಿಸಲು ಅವಕಾಶವಿದೆ. ಸ್ವಿಚ್ ನಮ್ಮ ಕೈಯಲ್ಲಿ ಇಲ್ಲದಿದ್ದಾಗ ಅದನ್ನು ಬಳಸಬೇಕು. ಇದ್ದಾಗ ಸ್ವಿಚ್ಚನ್ನೇ ಸರಿಪಡಿಸಬೇಕು.

ಎರಡು ತಂತಿಗಳನ್ನು ಜೋಡಿಸಿದ ಎಲ್‌ಎಸಿಪಿ ಪೋರ್ಟುಗಳಲ್ಲಿಯೂ ಹೊರಗಿನ ಲಕ್ಷಣ ಇದೇ. ಫರ್ಮ್‌ವೇರ್ ಸಾಮಾನ್ಯವಾಗಿ ಎಲ್‌ಎಸಿಪಿ ಮಾತಾಡುವುದಿಲ್ಲ. ಮಾತಾಡದ ಪೋರ್ಟನ್ನು ಸ್ವಿಚ್ ತಡೆಹಿಡಿಯುತ್ತದೆ. ಉತ್ತರ ಬಾರದಿದ್ದರೂ ಒಂದು ತಂತಿಯನ್ನು ಬಿಡಿಯಾಗಿ ನಡೆಯಗೊಡು ಎನ್ನುವ ಆಯ್ಕೆ ಅರಿಸ್ಟಾ, ಜುನಿಪರ್, ಸಿಸ್ಕೋ ಸ್ವಿಚ್ಚುಗಳಲ್ಲಿ ಬೇರೆಬೇರೆ ಹೆಸರಿನಲ್ಲಿ ಇದೆ.

ಈಗ ವಿಳಾಸ ಸಿಕ್ಕಿತು ಎನ್ನೋಣ. ಮುಂದಿನ ಸಂದೇಶ ಇ32: ಟಿಎಫ್‌ಟಿಪಿ ಫೈಲು ತೆರೆಯಲು ಕಾದು ಸೋತೆ. ಇಲ್ಲಿ ಹೆಚ್ಚಿನವರು ಜಾರುವುದು ‘ವಿಳಾಸವೇ ಬಂದಿದೆಯಲ್ಲ, ಸರ್ವರಿಗೆ ದಾರಿ ಇದ್ದೇ ಇದೆ’ ಎಂಬ ಊಹೆಯಿಂದ. ಬೇರೆ ಜಾಲದಲ್ಲಿರುವ ಸರ್ವರಿನಿಂದ ವಿಳಾಸ ಬಂದಿದ್ದರೆ ಅದನ್ನು ತಂದುಕೊಟ್ಟದ್ದು ರೂಟರಿನಲ್ಲಿರುವ ರಿಲೇ. ಯಂತ್ರದ ಕೂಗನ್ನು ಅದು ತನ್ನ ಹೆಸರಿನಲ್ಲಿ ಸರ್ವರಿಗೆ ಒಯ್ದು, ಉತ್ತರವನ್ನು ತಾನೇ ತಂದು ಒಪ್ಪಿಸುತ್ತದೆ. ಈ ವ್ಯವಹಾರದಲ್ಲಿ ಯಂತ್ರ ಸ್ವತಃ ರೂಟರನ್ನು ದಾಟಿಯೇ ಇಲ್ಲ. ಟಿಎಫ್‌ಟಿಪಿ ಕೋರಿಕೆಯೇ ಅದು ತನ್ನ ಕಾಲಿನ ಮೇಲೆ ಇಡುವ ಮೊದಲ ಹೆಜ್ಜೆ. ಡಿಎಚ್‌ಸಿಪಿ ಉತ್ತರದಲ್ಲಿ ಗೇಟ್‌ವೇ ವಿಳಾಸ ಬಿಟ್ಟುಹೋಗಿದ್ದರೆ, ಸಬ್‌ನೆಟ್ ಮಾಸ್ಕ್ ತಪ್ಪಿದ್ದರೆ, ಆ ತಪ್ಪು ಮೊದಲ ಬಾರಿಗೆ ಬಯಲಾಗುವುದು ಇಲ್ಲಿಯೇ, ಅದೂ ಟಿಎಫ್‌ಟಿಪಿಯ ಹೆಸರಿನಲ್ಲಿ. ಕೆಲವೊಮ್ಮೆ ಇ32ರ ಬದಲು ಇ11, ಅಂದರೆ ಎಆರ್‌ಪಿ ಕಾದು ಸೋತದ್ದು, ಕಾಣುತ್ತದೆ. ಅದು ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಾಮಾಣಿಕ ಸಂದೇಶ: ಪಕ್ಕದ ಮನೆಯವರೇ ಸಿಗಲಿಲ್ಲ ಎಂದು ನೇರವಾಗಿ ಹೇಳುತ್ತದೆ.

ಇ32ಕ್ಕೆ ಇನ್ನೊಂದು ಕಾರಣ ಟಿಎಫ್‌ಟಿಪಿಯ ರಚನೆಯಲ್ಲೇ ಇದೆ. ಯಂತ್ರ ಕೋರಿಕೆ ಕಳಿಸುವುದು ಸರ್ವರಿನ ಯುಡಿಪಿ ಪೋರ್ಟ್ 69ಕ್ಕೆ. ಸರ್ವರ್ ಉತ್ತರಿಸುವುದು 69ರಿಂದಲ್ಲ, ಆ ವರ್ಗಾವಣೆಗೆಂದೇ ಹೊಸದಾಗಿ ಆರಿಸಿದ ಬೇರೆ ಪೋರ್ಟಿನಿಂದ. ನಡುವಿನ ಫೈರ್‌ವಾಲಿಗೆ ಇದು ಯಾರೂ ಕೇಳದ ಪ್ಯಾಕೆಟ್ಟಿನಂತೆ ಕಾಣುವುದರಿಂದ ಅದು ಇದನ್ನು ಬಿಸಾಡುತ್ತದೆ. ಲಿನಕ್ಸ್ ಫೈರ್‌ವಾಲಿನಲ್ಲಿ ಈ ಸಂಬಂಧವನ್ನು ಗುರುತಿಸುವ ಮಾಡ್ಯೂಲ್ ಇದೆ, ಆದರೆ ಕರ್ನಲ್ 4.7ರಿಂದ ಈಚೆಗೆ ಅದನ್ನು ಲೋಡ್ ಮಾಡಿದರಷ್ಟೇ ಸಾಲದು. ಈ ಸಂಚಾರಕ್ಕೆ ಈ ಸಹಾಯಕ ಎಂದು ನಿಯಮವನ್ನೂ ಬರೆಯಬೇಕು. ಹಳೆಯ ಟಿಪ್ಪಣಿಗಳನ್ನು ಅನುಸರಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಇದೇ ಕಾರಣಕ್ಕೆ ಪ್ಯಾಕೆಟ್ ಹಿಡಿಯುವ ವಿಧಾನವನ್ನೂ ತಿದ್ದಿಕೊಳ್ಳಬೇಕಾಗುತ್ತದೆ. ಟಿಸಿಪಿಡಂಪ್‌ನಲ್ಲಿ 67, 68, 69, 4011 ಪೋರ್ಟುಗಳನ್ನು ಸೋಸಿ ನೋಡುವುದು ರೂಢಿ. ಆ ಸೋಸುವಿಕೆಯಲ್ಲಿ ಟಿಎಫ್‌ಟಿಪಿಯ ಕೋರಿಕೆ ಮಾತ್ರ ಸಿಗುತ್ತದೆ. ಫೈಲಿನ ಒಂದು ತುಣುಕೂ ಸಿಗುವುದಿಲ್ಲ. ನೋಡಿದವರು ಸರ್ವರ್ ಉತ್ತರಿಸುತ್ತಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ. ಡಿಎಚ್‌ಸಿಪಿಗೆ ಪೋರ್ಟಿನಿಂದ ಸೋಸಿ, ಆಮೇಲೆ ಯಂತ್ರಕ್ಕೆ ಸಿಕ್ಕ ಐಪಿ ವಿಳಾಸದಿಂದ ಎಲ್ಲವನ್ನೂ ಹಿಡಿಯುವುದು ಸರಿಯಾದ ಕ್ರಮ.

ಹಾಗೆ ಹಿಡಿದಾಗ ಕಾಣಬಹುದಾದ ಒಂದು ಚಿತ್ರ ವಿಶೇಷವಾಗಿ ಗುರುತಿಡುವಂಥದ್ದು. ಕೋರಿಕೆ ಬಂದಿದೆ, ಸರ್ವರ್ ಆಯ್ಕೆಗಳನ್ನು ಒಪ್ಪಿದೆ, ಯಂತ್ರ ಸರಿ ಎಂದಿದೆ, ಸರ್ವರ್ ಮೊದಲ ತುಣುಕು ಕಳಿಸಿದೆ, ಅಲ್ಲಿಂದ ಮುಂದೆ ಅದೇ ಮೊದಲ ತುಣುಕು ಮತ್ತೆ ಮತ್ತೆ ಹೋಗುತ್ತಿದೆ. ಸಣ್ಣ ಪ್ಯಾಕೆಟ್ಟುಗಳೆಲ್ಲ ದಾಟುತ್ತಿವೆ, ಮೊದಲ ದೊಡ್ಡ ಪ್ಯಾಕೆಟ್ ದಾಟುತ್ತಿಲ್ಲ. ಈಥರ್‌ನೆಟ್ಟಿನ 1500 ಬೈಟ್ ಮಿತಿಯಲ್ಲಿ ಐಪಿಗೆ 20, ಯುಡಿಪಿಗೆ 8, ಟಿಎಫ್‌ಟಿಪಿಗೆ 4 ಕಳೆದರೆ ತುಣುಕಿಗೆ ಉಳಿಯುವುದು 1468. ಬಹಳಷ್ಟು ಫರ್ಮ್‌ವೇರ್‌ಗಳು ಈ ಗಾತ್ರವನ್ನೇ ಕೇಳುತ್ತವೆ. ನಡುವೆ ಟನೆಲ್ ಇದ್ದರೆ ಈ ಲೆಕ್ಕ ಕೆಡುತ್ತದೆ. ವಿಎಕ್ಸ್‌ಲ್ಯಾನ್ ಒಂದೇ 50 ಬೈಟ್ ತಿನ್ನುತ್ತದೆ, ತುಣುಕಿಗೆ ಉಳಿಯುವುದು 1418. ಒಡೆದು ಬಂದ ಪ್ಯಾಕೆಟ್ಟನ್ನು ಜೋಡಿಸಿಕೊಳ್ಳುವ ಶಕ್ತಿ ಎಲ್ಲ ಫರ್ಮ್‌ವೇರ್‌ಗಳಿಗೂ ಇಲ್ಲ. ಸರ್ವರಿನಲ್ಲಿ ತುಣುಕಿನ ಗರಿಷ್ಠ ಗಾತ್ರವನ್ನು ಇಳಿಸಿದರೆ ದಾರಿ ತೆರೆಯುತ್ತದೆ.

ದಾರಿ ತೆರೆದರೂ ದೂರದ ಕಷ್ಟ ಉಳಿಯುತ್ತದೆ. ಗಾರೆಯವನಿಗೆ ಇಟ್ಟಿಗೆ ಕೊಡುವ ಕೂಲಿಯಾಳು ಒಂದು ಇಟ್ಟಿಗೆ ಕೊಟ್ಟು ‘ಸಿಕ್ಕಿತು’ ಎಂಬ ಕೂಗು ಕೇಳಿದ ಮೇಲಷ್ಟೇ ಇನ್ನೊಂದನ್ನು ಎತ್ತುವ ಹಾಗೆ, ಟಿಎಫ್‌ಟಿಪಿ ಒಂದು ತುಣುಕಿಗೆ ಒಪ್ಪಿಗೆ ಬಂದ ಮೇಲೆಯೇ ಮುಂದಿನದನ್ನು ಕಳಿಸುತ್ತದೆ. 30 ಎಂಬಿಯ ಇನಿಷಿಯಲ್ ರಾಮ್‌ಡಿಸ್ಕ್ 1468 ಬೈಟಿನ ಸುಮಾರು 21,400 ತುಣುಕುಗಳಾಗುತ್ತದೆ. ಹೋಗಿಬರುವ ಸಮಯ ಅರ್ಧ ಮಿಲಿಸೆಕೆಂಡಿದ್ದರೆ ಸುಮಾರು 11 ಸೆಕೆಂಡಿನಲ್ಲಿ ಮುಗಿಯುತ್ತದೆ. 100 ಮಿಲಿಸೆಕೆಂಡಿದ್ದರೆ 36 ನಿಮಿಷ ಬೇಕು. ಮೂಲ 512 ಬೈಟಿನ ತುಣುಕಾದರೆ ಒಂದೂಮುಕ್ಕಾಲು ಗಂಟೆಯ ಹತ್ತಿರ. ತಂತಿ ಎಷ್ಟು ಗಿಗಾಬಿಟ್ಟಿನದು ಎಂಬುದಕ್ಕೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ. ತುಣುಕಿನ ಸಂಖ್ಯೆ 16 ಬಿಟ್ಟಿನದು ಎಂಬ ಇನ್ನೊಂದು ಮಿತಿಯೂ ಇದೆ: 512 ಬೈಟಿನ ತುಣುಕಿನಲ್ಲಿ 32 ಎಂಬಿಗೆ, 1468ರಲ್ಲಿ 92 ಎಂಬಿಗೆ ಎಣಿಕೆ ಮುಗಿಯುತ್ತದೆ. ಆಮೇಲೆ 0ಯಿಂದ ಎಣಿಸಬೇಕೋ 1ರಿಂದಲೋ ಎಂಬುದರಲ್ಲಿ ಸರ್ವರುಗಳೂ ಯಂತ್ರಗಳೂ ಒಮ್ಮತಕ್ಕೆ ಬಂದಿಲ್ಲ. ಹಲವು ತುಣುಕುಗಳನ್ನು ಒಟ್ಟಿಗೆ ಕಳಿಸುವ ಆಯ್ಕೆ 2015ರ ಆರ್‌ಎಫ್‌ಸಿ 7440ರಲ್ಲಿ ಬಂತು, ಎರಡೂ ಕಡೆ ಬೆಂಬಲ ಇದ್ದರೆ ಮಾತ್ರ ಪ್ರಯೋಜನ. ಅದೇ ವರ್ಷ ಯುಇಎಫ್‌ಐ 2.5 ಎಚ್‌ಟಿಟಿಪಿ ಬೂಟ್ ತಂದಿತು. ಖಂಡಾಂತರದ ಕೆಲಸದಲ್ಲಿ ಟಿಎಫ್‌ಟಿಪಿಯಿಂದ ಐಪಿಎಕ್ಸ್‌ಇಯಂಥ ಸಣ್ಣ ಫೈಲನ್ನಷ್ಟೇ ಇಳಿಸಿ, ಕರ್ನಲ್ ಮತ್ತು ರಾಮ್‌ಡಿಸ್ಕನ್ನು ಎಚ್‌ಟಿಟಿಪಿಯಿಂದ ತರುವುದು ಸರಿ. ಅದಕ್ಕಿಂತ ಮೇಲು, ಬೂಟ್ ಸರ್ವರನ್ನು ಯಂತ್ರದ ಪಕ್ಕದಲ್ಲೇ ಇಡುವುದು.

ಫೈಲು ಪೂರ್ತಿ ಇಳಿದು, ಯಂತ್ರ ಏನೂ ಹೇಳದೆ ಬೂಟ್ ಪಟ್ಟಿಗೆ ಮರಳಿದರೆ ಹೆಚ್ಚಾಗಿ ಬಂದಿರುವುದು ತಪ್ಪು ಜಾತಿಯ ಫೈಲು: ಹಳೆಯ ಬಯೋಸಿಗೆ ಮೀಸಲಾದದ್ದು ಯುಇಎಫ್‌ಐ ಯಂತ್ರಕ್ಕೆ ಹೋಗಿದೆ. ತಾನು ಯಾವ ಬಗೆಯ ಯಂತ್ರ ಎಂಬುದನ್ನು ಯಂತ್ರ ಡಿಎಚ್‌ಸಿಪಿಯ 93ನೇ ಆಯ್ಕೆಯಲ್ಲಿ ಹೇಳಿಕೊಳ್ಳುತ್ತದೆ. ಈ ಸಂಕೇತಗಳ ಪಟ್ಟಿಯಲ್ಲಿ ಒಂದು ಪಾಠದೋಷವಿದೆ, ಅದನ್ನು ಇಲ್ಲಿ ದಾಖಲಿಸುವುದು ಅಗತ್ಯ. 2006ರ ನವೆಂಬರಿನ ಆರ್‌ಎಫ್‌ಸಿ 4578ರ ಪಟ್ಟಿಯಲ್ಲಿ 7 ಎಂದರೆ ಇಎಫ್‌ಐ ಬೈಟ್‌ಕೋಡ್, 9 ಎಂದರೆ 64 ಬಿಟ್‌ನ ಎಕ್ಸ್86. ಆದರೆ ನಿಜವಾದ 64 ಬಿಟ್ ಯುಇಎಫ್‌ಐ ಯಂತ್ರಗಳು ಕಳಿಸುವುದು 7. ಐಎಎನ್‌ಎ ದಾಖಲೆ ಬಳಕೆಯನ್ನೇ ಒಪ್ಪಿ 7ನ್ನು 64 ಬಿಟ್ ಯುಇಎಫ್‌ಐಗೆ, 9ನ್ನು ಬೈಟ್‌ಕೋಡಿಗೆ ಕೊಟ್ಟಿದೆ. ಆರ್‌ಎಫ್‌ಸಿಯನ್ನು ಶ್ರದ್ಧೆಯಿಂದ ಓದಿ ನಿಯಮ ಬರೆದವರ ಸರ್ವರ್ ಹೊಸ ಯಂತ್ರಗಳನ್ನು ಗುರುತಿಸದೆ ಬಯೋಸ್ ಫೈಲನ್ನೇ ಕೊಡುತ್ತದೆ. 7 ಮತ್ತು 9 ಎರಡಕ್ಕೂ ಒಂದೇ ಫೈಲು ಸೂಚಿಸುವ ರೂಢಿ ಬೆಳೆದದ್ದು ಇದರಿಂದ. ಆ ರೂಢಿ ಕಣ್ಣುಮುಚ್ಚಿದ ನಕಲಲ್ಲ, ಅದಕ್ಕೆ ಆಧಾರವಿದೆ.

ದೂರನಿಯಂತ್ರಣದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಐಪಿಎಂಐಟೂಲ್ ಬಳಸಿ ಮುಂದಿನ ಬೂಟ್ ನೆಟ್‌ವರ್ಕಿನಿಂದ ಎಂದು ಆದೇಶಿಸುವಾಗ ಇಎಫ್‌ಐ ಬೂಟ್ ಎಂಬ ಆಯ್ಕೆ ಸೇರಿಸದಿದ್ದರೆ ಹಲವು ಸರ್ವರುಗಳು ಆ ಒಂದು ಬಾರಿಗೆ ಹಳೆಯ ಬಯೋಸ್ ರೀತಿಯಲ್ಲಿ ಏಳುತ್ತವೆ. ಇನ್‌ಸ್ಟಾಲೇಶನ್ ಯಶಸ್ವಿಯಾಗಿ ಮುಗಿಯುತ್ತದೆ. ಮರುಬೂಟಿನಲ್ಲಿ ಯಂತ್ರ ತನ್ನ ಸಹಜ ಯುಇಎಫ್‌ಐ ಸ್ಥಿತಿಗೆ ಬಂದು ಡಿಸ್ಕಿನಲ್ಲಿ ಬೂಟ್ ಆಗುವಂಥದ್ದೇನೂ ಇಲ್ಲ ಎನ್ನುತ್ತದೆ.

ಕರ್ನಲ್ ಎದ್ದ ಮೇಲಿನ ದೋಷಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ವಿಳಾಸಗಳ ಬರ. ಒಂದೇ ಯಂತ್ರದ ಫರ್ಮ್‌ವೇರ್ ತನ್ನ ಯುಯುಐಡಿಯನ್ನು ಗುರುತಾಗಿ ಕೊಡಬಹುದು, ಇನ್‌ಸ್ಟಾಲರ್ ಬೇರೊಂದು ಗುರುತು ಕೊಡಬಹುದು. ಸರ್ವರ್ ಅವೆರಡನ್ನೂ ಬೇರೆಬೇರೆ ಯಂತ್ರಗಳೆಂದು ಎಣಿಸಿ ಎರಡು ವಿಳಾಸ ಕೊಡುತ್ತದೆ. ಸಣ್ಣ ಕೊಳದಲ್ಲಿ ಒಂದು ರ‍್ಯಾಕ್ ಒಟ್ಟಿಗೆ ಎದ್ದರೆ ವಿಳಾಸಗಳು ಮುಗಿದು ಕೊನೆಯ ಯಂತ್ರಗಳು ಮತ್ತೆ ಇ51 ತೋರಿಸುತ್ತವೆ. ಎರಡನೆಯದು ಹಳಸಿದ ಬೂಟ್ ಫೈಲು. ಡೆಬಿಯನ್ನಿನ ನೆಟ್‌ಬೂಟ್ ಕರ್ನಲನ್ನು ಸರ್ವರಿನಲ್ಲಿ ಇಳಿಸಿಟ್ಟು ತಿಂಗಳುಗಳಾದ ಮೇಲೆ ಮಿರರಿನಲ್ಲಿರುವ ಮಾಡ್ಯೂಲುಗಳು ಹೊಸ ಕರ್ನಲಿಗೆ ಹೊಂದುವಂಥವಾಗಿರುತ್ತವೆ. ಇನ್‌ಸ್ಟಾಲರ್ ಕರ್ನಲ್ ಮಾಡ್ಯೂಲುಗಳು ಸಿಗಲಿಲ್ಲ ಎಂದು ನಿಲ್ಲುತ್ತದೆ. ನಮ್ಮ ಕಡೆ ಏನೂ ಬದಲಾಗಿಲ್ಲ ಎಂಬ ಮಾತು ನಿಜ, ಸಮಸ್ಯೆಯ ಕಾರಣವೂ ಅದೇ.

ಪರದೆಯ ಮೇಲೆ ಏನೂ ಬರದಿರುವುದೂ ಒಂದು ಸಂದೇಶವೇ, ಅದನ್ನೂ ಎಚ್ಚರದಿಂದ ಓದಬೇಕು. ರಾಮ್‌ಡಿಸ್ಕ್ ಲೋಡ್ ಆಯಿತು ಎಂಬಲ್ಲಿಗೆ ಸೀರಿಯಲ್ ಕನ್ಸೋಲ್ ಸ್ತಬ್ಧವಾದರೆ ಯಂತ್ರ ಸತ್ತಿದೆ ಎನಿಸುತ್ತದೆ. ಕರ್ನಲಿಗೆ ಕನ್ಸೋಲ್ ಯಾವುದು ಎಂದು ಹೇಳದಿದ್ದರೆ, ಅಥವಾ ಎರಡನೇ ಸೀರಿಯಲ್ ಪೋರ್ಟಿನ ಬದಲು ಮೊದಲನೆಯದನ್ನು ಹೇಳಿದ್ದರೆ, ಇನ್‌ಸ್ಟಾಲರ್ ಯಾರಿಗೂ ಕಾಣದಂತೆ ಒಳಗೆ ನಡೆಯುತ್ತಿರುತ್ತದೆ. ಈ ಹೊತ್ತಿನಲ್ಲಿ ವಿದ್ಯುತ್ ಕಡಿದು ಮತ್ತೆ ಆನ್ ಮಾಡುವುದು ಅತ್ಯಂತ ಕೆಟ್ಟ ನಿರ್ಧಾರ. ಎಚ್‌ಟಿಟಿಪಿ ಸರ್ವರಿನ ಲಾಗಿನಲ್ಲಿ ಆ ಯಂತ್ರ ಕಿಕ್‌ಸ್ಟಾರ್ಟ್ ಅಥವಾ ಪ್ರಿಸೀಡ್ ಫೈಲನ್ನು ಕೇಳಿದೆಯೇ ಎಂದು ಮೊದಲು ನೋಡಬೇಕು.

ಕೆಲಸ ಮುಗಿದ ಮೇಲಿನ ಅಪಾಯ ಇದಕ್ಕಿಂತ ದೊಡ್ಡದು. ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲಿದ್ದು, ಸರ್ವರಿನ ಡೀಫಾಲ್ಟ್ ಇನ್‌ಸ್ಟಾಲ್ ಆಗಿದ್ದರೆ, ಯಂತ್ರ ಪ್ರತಿ ಮರುಬೂಟಿನಲ್ಲಿ ತನ್ನ ಡಿಸ್ಕನ್ನು ಅಳಿಸಿಕೊಂಡು ಹೊಸದಾಗಿ ಆರಂಭಿಸುತ್ತದೆ. ಕಾಬ್ಲರ್ ತಂತ್ರಾಂಶದಲ್ಲಿ ಒಂದೇ ಬಾರಿ ಪಿಎಕ್ಸ್‌ಇ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ. ಪಿಎಕ್ಸ್‌ಇ ಲಿನಕ್ಸ್ ಬಳಸುವವರು ಸ್ಥಳೀಯ ಡಿಸ್ಕಿನಿಂದ ಬೂಟ್ ಆಗುವುದನ್ನೇ ಡೀಫಾಲ್ಟ್ ಆಗಿಟ್ಟು, ಮ್ಯಾಕ್ ವಿಳಾಸದ ಹೆಸರಿನ ಫೈಲಿನಲ್ಲಿ ಮಾತ್ರ ಇನ್‌ಸ್ಟಾಲ್ ಆದೇಶ ಬರೆಯುವುದು ಕ್ಷೇಮ. ಡಿಎಚ್‌ಸಿಪಿಗೂ ಟಿಎಫ್‌ಟಿಪಿಗೂ ಉತ್ತರಿಸಿದವರು ಯಾರೆಂದು ಪರೀಕ್ಷಿಸುವ ಅಭ್ಯಾಸವಿಲ್ಲ, ಆದ್ದರಿಂದ ಈ ಇಡೀ ಕೆಲಸಕ್ಕೆ ಪ್ರತ್ಯೇಕ ವಿಲ್ಯಾನ್ ಬೇಕು.

ನೆಟ್‌ವರ್ಕ್ ತಂಡಕ್ಕೆ ದೂರು ಬರೆಯುವ ಎಂಜಿನಿಯರುಗಳಲ್ಲಿ ಒಂದು ಕೋರಿಕೆ. ‘ಇ51 ಬಂತು’ ಎಂದಷ್ಟೇ ಬರೆಯಬೇಡಿ. ಆ ಯಂತ್ರದಿಂದ ಹೊರಟ ಯಾವ ಪ್ಯಾಕೆಟ್ ಕೊನೆಯದಾಗಿ ಎಲ್ಲಿ ಕಾಣಿಸಿತು, ಲಿಂಕ್ ಎದ್ದ ಎಷ್ಟು ಸೆಕೆಂಡಿಗೆ ಕಾಣಿಸಿತು, ಅದನ್ನು ನೋಡಿದ್ದು ಸರ್ವರಿನಲ್ಲೋ ರಿಲೇಯಲ್ಲೋ ಸ್ವಿಚ್ಚಿನಲ್ಲೋ ಎಂಬುದನ್ನು ಸೇರಿಸಿ ಬರೆಯಿರಿ.